ಎಂಜಿನ್‌ನ ಕಟಕಟ ಸದ್ದು

ಎಂಜಿನ್‌ನ ಕಟಕಟ ಸದ್ದು ಎಂದರೆ ಕಾರಿನ ಎಂಜಿನ್‌ನಿಂದ ಅಥವಾ ಅದಕ್ಕೆ ಜೋಡಿಸಿರುವ ಭಾಗಗಳಿಂದ ಒಂದು ಲಯಕ್ಕೆ ಅನುಗುಣವಾಗಿ ಮರುಕಳಿಸಿ ಕೇಳಿಬರುವ, ಲೋಹಕ್ಕೆ ಲೋಹ ಬಡಿದಂತಹ ಅಸಹಜ ಶಬ್ದ. ಇದು ಸ್ವತಃ ಒಂದು ದೋಷವಲ್ಲ. ಹಲವು ಬಗೆಯ ದೋಷಗಳಿಗೆ ಸಮಾನವಾದ ಲಕ್ಷಣ. ಸಡಿಲಗೊಂಡ ಒಂದು ತಗಡಿನಿಂದ ಹಿಡಿದು ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್ ಸವೆತದವರೆಗೆ ಇದರ ಕಾರಣಗಳು ಹರಡಿಕೊಂಡಿವೆ. ಮೊದಲನೆಯದನ್ನು ಒಂದು ಕ್ಲಿಪ್ಪಿನಿಂದ ಸರಿಪಡಿಸಬಹುದು. ಎರಡನೆಯದನ್ನು ಕಡೆಗಣಿಸಿದರೆ ಕೆಲವೇ ಕಿಲೋಮೀಟರುಗಳ ಓಟದಲ್ಲಿ ಇಡೀ ಎಂಜಿನ್ ನಾಶವಾಗಬಹುದು.

ಆದ್ದರಿಂದ ದುರಸ್ತಿಗಿಂತ ಮೊದಲು ಸದ್ದಿನ ಮೂಲವನ್ನು ಖಚಿತಪಡಿಸಿಕೊಳ್ಳುವುದು ಮುಖ್ಯ. ಸದ್ದಿನ ಲಯ, ಅದು ಕೇಳಿಬರುವ ಸ್ಥಳ, ಎಂಜಿನ್‌ನ ಉಷ್ಣತೆ ಮತ್ತು ಎಂಜಿನ್ ಮೇಲಿನ ಹೊರೆ ಎಂಬ ನಾಲ್ಕು ಸಂಗತಿಗಳನ್ನು ಗಮನಿಸಿದರೆ ಹೆಚ್ಚಿನ ಪ್ರಕರಣಗಳಲ್ಲಿ ಎಂಜಿನ್ ಬಿಚ್ಚುವ ಮೊದಲೇ ಕಾರಣವನ್ನು ಒಂದೆರಡು ಸಾಧ್ಯತೆಗಳಿಗೆ ಸೀಮಿತಗೊಳಿಸಬಹುದು. ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದದ್ದು ಎಂಜಿನ್ ಆಯಿಲ್‌ನ ಮಟ್ಟ ಮತ್ತು ಒತ್ತಡ.

ಸದ್ದು ಹುಟ್ಟುವ ಬಗೆ

ಎಂಜಿನ್‌ನ ಒಳಗೆ ಒಂದಕ್ಕೊಂದು ತಾಗಿಕೊಂಡು ಚಲಿಸುವ ಭಾಗಗಳ ನಡುವೆ ಅತಿ ಸಣ್ಣ ಸಂದು ಇರುತ್ತದೆ. ಉದಾಹರಣೆಗೆ, ಕನೆಕ್ಟಿಂಗ್ ರಾಡಿನ ಬೇರಿಂಗ್ ಮತ್ತು ಕ್ರ್ಯಾಂಕ್‌ಶಾಫ್ಟಿನ ನಡುವಿನ ಸಂದು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟೇ ಇರುತ್ತದೆ. ಕೀಲೆಣ್ಣೆಯು ಈ ಸಂದಿನಲ್ಲಿ ಒತ್ತಡದಿಂದ ತುಂಬಿಕೊಂಡು ಲೋಹಗಳು ನೇರವಾಗಿ ತಾಗದಂತೆ ತಡೆಯುತ್ತದೆ. ಭಾಗ ಸವೆದು ಸಂದು ದೊಡ್ಡದಾದಾಗ, ಅಥವಾ ಎಣ್ಣೆಯ ಒತ್ತಡ ಕುಸಿದು ಪದರ ತೆಳುವಾದಾಗ, ಭಾಗವು ಸಂದಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಎಸೆಯಲ್ಪಟ್ಟು ಬಡಿಯುತ್ತದೆ. ಈ ಬಡಿತವೇ ಎಂಜಿನ್ ಬ್ಲಾಕಿನ ಮೂಲಕ ಹರಡಿ ಕಿವಿಗೆ ಕೇಳಿಸುತ್ತದೆ.

ಇನ್ನೆರಡು ಬಗೆಗಳಲ್ಲಿಯೂ ಸದ್ದು ಹುಟ್ಟುತ್ತದೆ. ಸಿಲಿಂಡರಿನೊಳಗಿನ ಇಂಧನ ಮಿಶ್ರಣ ಕ್ರಮ ತಪ್ಪಿ ಹೊತ್ತಿಕೊಂಡಾಗ ಉಂಟಾಗುವ ಒತ್ತಡದ ಅಲೆಗಳು ಲೋಹದ ಗೋಡೆಗಳನ್ನು ಕಂಪಿಸುತ್ತವೆ; ಇಲ್ಲಿ ಯಾವ ಭಾಗವೂ ಸಡಿಲವಾಗಿರಬೇಕಿಲ್ಲ. ಎಂಜಿನ್‌ನ ಸಹಜ ಕಂಪನದಿಂದಲೇ ಹೊರಗಿನ ತಗಡು, ಕೊಳವೆ ಅಥವಾ ಬ್ರಾಕೆಟ್ ಅದುರುವುದು ಇನ್ನೊಂದು ಬಗೆ. ಇಂತಹ ಅದುರುವಿಕೆ ಅನುರಣನದಿಂದ ಉಂಟಾಗುವುದರಿಂದ ಎಂಜಿನ್‌ನ ಒಂದು ನಿರ್ದಿಷ್ಟ ವೇಗದಲ್ಲಿ ಜೋರಾಗಿ ಕೇಳಿಸಿ, ಆ ವೇಗ ದಾಟಿದೊಡನೆ ಅಡಗುತ್ತದೆ.

ತಕ್ಷಣದ ಕ್ರಮ

ಓಡುತ್ತಿರುವ ಕಾರಿನಲ್ಲಿ ಹೊಸದಾಗಿ ಗಟ್ಟಿಯಾದ ಬಡಿತ ಕೇಳಿಬಂದರೆ, ಅಥವಾ ಸದ್ದಿನೊಂದಿಗೆ ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿಕೊಂಡರೆ, ವಾಹನವನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಈ ದೀಪವು ಆಯಿಲ್ ಕಡಿಮೆಯಾಗುತ್ತಿದೆ ಎಂಬ ಮುನ್ಸೂಚನೆಯಲ್ಲ. ಹೆಚ್ಚಿನ ಕಾರುಗಳಲ್ಲಿ ಒತ್ತಡವು ಬಹುತೇಕ ಇಲ್ಲವಾದ ಮೇಲೆಯೇ ಅದು ಹೊತ್ತಿಕೊಳ್ಳುತ್ತದೆ. ಆದ್ದರಿಂದ ದೀಪ ಕಂಡ ಮೇಲೂ ಹತ್ತಿರದ ಗ್ಯಾರೇಜಿನವರೆಗೆ ಓಡಿಸುವುದು ಅಪಾಯಕರ.

ಸಮತಟ್ಟಾದ ನೆಲದಲ್ಲಿ ಎಂಜಿನ್ ಆರಿಸಿ ಕೆಲವು ನಿಮಿಷ ಕಾದ ನಂತರ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಇಳಿಸಿ, ಎಣ್ಣೆಯ ಮಟ್ಟವನ್ನು ನೋಡಬೇಕು. ಕೆಳಗಿನ ಗುರುತಿಗಿಂತ ಕಡಿಮೆಯಿದ್ದರೆ ವಾಹನದ ಕೈಪಿಡಿಯಲ್ಲಿ ಸೂಚಿಸಿರುವ ದರ್ಜೆಯ ಆಯಿಲ್ ಹಾಕಿ ಮಟ್ಟವನ್ನು ಸರಿಪಡಿಸಬೇಕು. ಅನಂತರ ಎಂಜಿನ್ ಚಾಲೂ ಮಾಡಿದಾಗ ದೀಪ ಆರಿ ಸದ್ದೂ ನಿಂತರೆ, ಎಣ್ಣೆ ಎಲ್ಲಿ ಹೋಯಿತೆಂಬುದನ್ನು, ಅಂದರೆ ಸೋರಿಕೆಯೋ ಉರಿದುಹೋಗುವಿಕೆಯೋ ಎಂಬುದನ್ನು ಹುಡುಕುವುದು ಮುಂದಿನ ಕೆಲಸ. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ಅಥವಾ ಗಟ್ಟಿಯಾದ ಬಡಿತ ಮುಂದುವರಿದರೆ ವಾಹನವನ್ನು ಎಳೆದುಕೊಂಡು ಹೋಗುವ ವ್ಯವಸ್ಥೆ ಮಾಡುವುದೇ ಕಡಿಮೆ ಖರ್ಚಿನ ದಾರಿ.

ಸದ್ದಿನ ಲಕ್ಷಣಗಳು

ಲಯ

ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಈ ಸರಳ ಅನುಪಾತವು ಪತ್ತೆಯ ಕೆಲಸದಲ್ಲಿ ಬಹಳ ಉಪಯುಕ್ತ. ನಿಂತಲ್ಲೇ ಓಡುವಾಗ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದುಕೊಂಡರೆ, ಸಡಿಲವಾದ ಒಂದು ಕವಾಟದ ಸದ್ದು ನಿಮಿಷಕ್ಕೆ 400 ಬಾರಿ, ಅಂದರೆ ಸೆಕೆಂಡಿಗೆ ಆರೇಳು ಬಾರಿ ಕೇಳಿಸುತ್ತದೆ. ಕ್ರ್ಯಾಂಕ್‌ಶಾಫ್ಟಿಗೆ ಸೇರಿದ ಬಡಿತವು ಸುತ್ತಿಗೊಮ್ಮೆ ಎಂಬಂತೆ ಸೆಕೆಂಡಿಗೆ ಸುಮಾರು 13 ಬಾರಿ ಕೇಳಿಸುತ್ತದೆ. ಎಂಜಿನ್‌ನ ವೇಗಕ್ಕೆ ಹೊಂದಿಕೊಳ್ಳದೆ ಎಲ್ಲೆಂದರಲ್ಲಿ ಹುಟ್ಟಿ ಅಡಗುವ ಸದ್ದು ಬಹುಮಟ್ಟಿಗೆ ಹೊರಗಿನ ಭಾಗದ್ದು.

ಸ್ಥಳ

ಎಂಜಿನ್‌ನ ಮೇಲ್ಭಾಗದ ಸದ್ದು ಕವಾಟಗಳತ್ತ, ಕೆಳಭಾಗದ ಸದ್ದು ಕ್ರ್ಯಾಂಕ್‌ಶಾಫ್ಟಿನತ್ತ, ಟೈಮಿಂಗ್ ಕವರಿನ ಬದಿಯ ಸದ್ದು ಚೈನ್ ಅಥವಾ ಬೆಲ್ಟಿನತ್ತ, ಗೇರ್‌ಬಾಕ್ಸ್ ಸೇರುವ ಬದಿಯ ಸದ್ದು ಫ್ಲೈವೀಲ್ ಮತ್ತು ಕ್ಲಚ್ಚಿನತ್ತ ಬೊಟ್ಟು ಮಾಡುತ್ತದೆ.

ಉಷ್ಣತೆ

ತಣ್ಣಗಿರುವಾಗ ಕೇಳಿಸಿ ಬಿಸಿಯಾದ ಮೇಲೆ ಅಡಗುವ ಸದ್ದು ಸಾಮಾನ್ಯವಾಗಿ ಪಿಸ್ಟನ್ ಅಥವಾ ಹೈಡ್ರಾಲಿಕ್ ಟ್ಯಾಪೆಟ್‌ನದು. ಇದಕ್ಕೆ ವಿರುದ್ಧವಾಗಿ, ಬಿಸಿಯಾಗಿ ಎಣ್ಣೆ ತೆಳುವಾದಂತೆಲ್ಲ ಹೆಚ್ಚುವ ಬಡಿತ ಬೇರಿಂಗ್ ಸವೆತದ ಲಕ್ಷಣವಾಗಿದ್ದು ಹೆಚ್ಚು ಗಂಭೀರವಾದುದು.

ಹೊರೆ

ಏರು ರಸ್ತೆಯಲ್ಲಿ, ಮೇಲಿನ ಗೇರಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕೇಳಿಬರುವ ಚರಚರ ಸದ್ದು ದಹನಕ್ಕೆ ಸಂಬಂಧಿಸಿದ ನಾಕಿಂಗ್ ಆಗಿರುವ ಸಂಭವ ಹೆಚ್ಚು. ಆಕ್ಸಿಲರೇಟರ್ ಒತ್ತಿ ಬಿಡುವ ಹಂತದಲ್ಲಿ, ಹೊರೆಯ ದಿಕ್ಕು ಬದಲಾಗುವಾಗ ಸ್ಪಷ್ಟವಾಗುವ ಬಡಿತ ಕನೆಕ್ಟಿಂಗ್ ರಾಡಿನ ಬೇರಿಂಗ್‌ನದಾಗಿರಬಹುದು.

ಪತ್ತೆಯ ವಿಧಾನಗಳು

ಮೆಕ್ಯಾನಿಕರು ಸದ್ದಿನ ಸ್ಥಳವನ್ನು ಗುರುತಿಸಲು ಲೋಹದ ಕಡ್ಡಿ ಜೋಡಿಸಿದ ಸ್ಟೆತಾಸ್ಕೋಪನ್ನು ಬಳಸುತ್ತಾರೆ. ಅದಿಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ನ ಬೇರೆ ಬೇರೆ ಜಾಗಗಳಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ ಆಲಿಸುವ ಹಳೆಯ ರೂಢಿಯಿದೆ. ಗಾಳಿಯಲ್ಲಿ ಬರುವ ಸದ್ದು ಸುತ್ತಲೂ ಚದುರಿ ದಿಕ್ಕು ತಪ್ಪಿಸುತ್ತದೆ. ಲೋಹದ ಮೂಲಕ ಬರುವ ಸದ್ದು ಮೂಲಕ್ಕೆ ಹತ್ತಿರವಾದಂತೆ ತೀಕ್ಷ್ಣವಾಗುತ್ತದೆ. ಸದ್ದು ಅತಿ ಜೋರಾಗಿ ಕೇಳಿಸುವ ಬಿಂದುವನ್ನು ಕಂಡುಕೊಳ್ಳುವವರೆಗೆ ಸ್ಥಳ ಬದಲಿಸುತ್ತ ಹೋಗುವುದೇ ಈ ವಿಧಾನದ ತಿರುಳು.

ಬೇರಿಂಗ್ ಬಡಿತದ ಅನುಮಾನವಿದ್ದಾಗ ಒಂದೊಂದೇ ಸಿಲಿಂಡರಿನ ದಹನವನ್ನು ನಿಲ್ಲಿಸಿ ನೋಡುತ್ತಾರೆ. ದಹನ ನಿಂತ ಸಿಲಿಂಡರಿನ ರಾಡಿನ ಮೇಲೆ ಬೀಳುವ ಬಲ ಕಡಿಮೆಯಾಗುವುದರಿಂದ, ದೋಷವಿರುವ ಸಿಲಿಂಡರನ್ನು ನಿಲ್ಲಿಸಿದಾಗ ಬಡಿತ ಕುಗ್ಗುತ್ತದೆ ಅಥವಾ ಅದರ ಸ್ವರ ಬದಲಾಗುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರುಗಳಲ್ಲಿ ಕಿಡಿಯನ್ನು ತಪ್ಪಿಸುವ ಬದಲು ಇಂಜೆಕ್ಟರನ್ನು ನಿಲ್ಲಿಸುವುದು ಒಳ್ಳೆಯದು; ಇಲ್ಲವಾದರೆ ಉರಿಯದ ಇಂಧನ ಕನ್ವರ್ಟರಿಗೆ ಹೋಗಿ ಅದನ್ನು ಅತಿಯಾಗಿ ಬಿಸಿ ಮಾಡುತ್ತದೆ. ಕವಾಟದ ಟಿಕ್‌ಟಿಕ್ ಸದ್ದು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಆಯಿಲ್ ಒತ್ತಡದ ದೀಪದ ಸ್ವಿಚ್ಚನ್ನು ಕಳಚಿ ಅಲ್ಲಿ ಒತ್ತಡಮಾಪಕವನ್ನು ಜೋಡಿಸಿ, ಬಿಸಿಯಾದ ಎಂಜಿನ್‌ನಲ್ಲಿ ಒತ್ತಡವನ್ನು ಅಳೆಯುವುದು ಅತ್ಯಂತ ನಿರ್ಣಾಯಕ ಪರೀಕ್ಷೆಗಳಲ್ಲೊಂದು. ಅಳತೆಯನ್ನು ಆಯಾ ಎಂಜಿನ್‌ನ ದುರಸ್ತಿ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಗೆ ಹೋಲಿಸಬೇಕು. ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳನ್ನು ಪರೀಕ್ಷಿಸುವುದು ಇನ್ನೊಂದು ವಿಧಾನ. ಮಡಿಕೆಗಳಲ್ಲಿ ಹೊಳೆಯುವ ಕಣಗಳಿದ್ದು ಅವು ಅಯಸ್ಕಾಂತಕ್ಕೆ ಅಂಟಿದರೆ ಉಕ್ಕಿನ ಭಾಗಗಳೂ, ಅಂಟದೆ ತಾಮ್ರದ ಬಣ್ಣದ್ದಾಗಿದ್ದರೆ ಬೇರಿಂಗ್ ಶೆಲ್‌ಗಳೂ ಸವೆಯುತ್ತಿರುವ ಸೂಚನೆ.

ಸ್ಕ್ಯಾನರ್ ಉಪಕರಣದಿಂದ ಎಂಜಿನ್‌ನ ಕಂಪ್ಯೂಟರಿನಲ್ಲಿ ದಾಖಲಾದ ದೋಷಸಂಕೇತಗಳನ್ನು ಓದಬಹುದು. ಪಿ0016 ಎಂಬ ಸಂಕೇತವು ಕ್ರ್ಯಾಂಕ್‌ಶಾಫ್ಟ್ ಮತ್ತು ಕ್ಯಾಮ್‌ಶಾಫ್ಟುಗಳ ಸ್ಥಾನ ಹೊಂದಿಕೆಯಾಗದಿರುವುದನ್ನು, ಪಿ0300 ಸಿಲಿಂಡರುಗಳಲ್ಲಿ ದಹನ ತಪ್ಪುತ್ತಿರುವುದನ್ನು, ಪಿ0325 ನಾಕ್ ಸೆನ್ಸರಿನ ಸರ್ಕ್ಯೂಟಿನ ದೋಷವನ್ನು ಸೂಚಿಸುತ್ತದೆ. ಆದರೆ ಬೇರಿಂಗ್ ಸವೆತಕ್ಕಾಗಲೀ ಟ್ಯಾಪೆಟ್ ಸಡಿಲಕ್ಕಾಗಲೀ ನೇರವಾದ ಸಂಕೇತವಿಲ್ಲ. ಸ್ಕ್ಯಾನರಿನಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಎಂಜಿನ್ ಸುಸ್ಥಿತಿಯಲ್ಲಿದೆ ಎಂದು ಹೇಳಲಾಗದು.

ಪರೀಕ್ಷೆಯ ವೇಳೆ ಸಡಿಲವಾದ ಬಟ್ಟೆ, ಕೂದಲು ಮತ್ತು ಕೈಗಳನ್ನು ಫ್ಯಾನ್ ಹಾಗೂ ಬೆಲ್ಟುಗಳಿಂದ ದೂರವಿಡಬೇಕು. ವಿದ್ಯುತ್ ಚಾಲಿತ ಫ್ಯಾನ್ ಮುನ್ಸೂಚನೆಯಿಲ್ಲದೆ ತಿರುಗತೊಡಗುತ್ತದೆ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಪ್ರಾಣಾಪಾಯವಾಗುತ್ತದೆ. ಕೇವಲ ಜ್ಯಾಕ್ ಮೇಲೆ ನಿಲ್ಲಿಸಿದ ಕಾರಿನ ಅಡಿಗೆ ಎಂದೂ ಹೋಗಬಾರದು.

ಸಾಮಾನ್ಯ ಮೂಲಗಳು ಮತ್ತು ದುರಸ್ತಿ

ಕವಾಟಗಳು ಮತ್ತು ಟ್ಯಾಪೆಟ್

ಹೊಲಿಗೆ ಯಂತ್ರದ ಸದ್ದನ್ನು ಹೋಲುವ, ಎಂಜಿನ್‌ನ ಮೇಲ್ಭಾಗದಿಂದ ಬರುವ ಹಗುರವಾದ ಟಿಕ್‌ಟಿಕ್ ಸದ್ದು ಕವಾಟ ವ್ಯವಸ್ಥೆಯದು. ಕವಾಟದ ಕಾಂಡ ಬಿಸಿಯಾಗಿ ಉದ್ದವಾದಾಗಲೂ ಕವಾಟ ಪೂರ್ತಿಯಾಗಿ ಮುಚ್ಚಿಕೊಳ್ಳಲೆಂದು ಅದರ ಮೇಲ್ತುದಿಯಲ್ಲಿ ಸಣ್ಣ ಸಂದು ಬಿಟ್ಟಿರುತ್ತಾರೆ. ಇದು ಅನೇಕ ಎಂಜಿನ್‌ಗಳಲ್ಲಿ 0.15ರಿಂದ 0.30 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಹೆಚ್ಚು ಬಿಸಿಯಾಗುವ ಹೊಗೆ ಕವಾಟಕ್ಕೆ ಸಾಮಾನ್ಯವಾಗಿ ಹೆಚ್ಚಿನ ಸಂದು ಬೇಕು.

ಸ್ಕ್ರೂ ಅಥವಾ ಶಿಮ್ ಬಿಲ್ಲೆಗಳಿರುವ ಎಂಜಿನ್‌ಗಳಲ್ಲಿ ಸಂದನ್ನು ಫೀಲರ್ ಗೇಜಿನಿಂದ ಅಳೆದು ಸರಿಹೊಂದಿಸುತ್ತಾರೆ. ಇದನ್ನು ಗ್ಯಾರೇಜುಗಳಲ್ಲಿ ‘ಟ್ಯಾಪೆಟ್ ಸೆಟ್ಟಿಂಗ್’ ಎನ್ನುತ್ತಾರೆ. ಸಂದು ಹೆಚ್ಚಾದರೆ ಸದ್ದು ಬರುತ್ತದೆ. ಕಡಿಮೆಯಾದರೆ ಸದ್ದೇ ಇರುವುದಿಲ್ಲ, ಆದರೆ ಕವಾಟ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ಸದ್ದು ಅಡಗಿಸುವ ಆತುರದಲ್ಲಿ ಸಂದನ್ನು ನಿಗದಿತ ಅಳತೆಗಿಂತ ಕಿರಿದಾಗಿಸುವುದು ಇದರಿಂದಾಗಿಯೇ ಹೆಚ್ಚು ಹಾನಿಕರ.

ಹೈಡ್ರಾಲಿಕ್ ಟ್ಯಾಪೆಟ್‌ಗಳಲ್ಲಿ ಎಣ್ಣೆಯ ಒತ್ತಡವೇ ಸಂದನ್ನು ತುಂಬುತ್ತದೆ. ಕಾರು ಬಹಳ ಹೊತ್ತು ನಿಂತಿದ್ದಾಗ ಅವುಗಳಿಂದ ಎಣ್ಣೆ ಇಳಿದುಹೋಗಿ, ಚಾಲೂ ಮಾಡಿದ ಮೊದಲ ಕೆಲವು ಸೆಕೆಂಡು ಕಟಕಟ ಎನ್ನುವುದುಂಟು. ಸದ್ದು ಉಳಿದುಕೊಂಡರೆ ಎಣ್ಣೆಯ ಮಟ್ಟ, ಒತ್ತಡ ಮತ್ತು ದರ್ಜೆಯನ್ನು ಪರಿಶೀಲಿಸಿ, ಹಳೆಯ ಎಣ್ಣೆ ಹಾಗೂ ಫಿಲ್ಟರನ್ನು ಬದಲಿಸಬೇಕು. ಅದರಿಂದಲೂ ಸರಿಹೋಗದಿದ್ದರೆ ಸಿಲುಕಿಕೊಂಡ ಟ್ಯಾಪೆಟ್‌ಗಳನ್ನು ಬದಲಿಸುತ್ತಾರೆ.

ಟೈಮಿಂಗ್ ಚೈನ್

ತಣ್ಣಗಿನ ಎಂಜಿನ್ ಚಾಲೂ ಮಾಡಿದೊಡನೆ ಒಂದು ಬದಿಯಿಂದ ಸರಪಳಿ ಎಳೆದಂತಹ ಗರಗರ ಸದ್ದು ಬಂದರೆ ಟೈಮಿಂಗ್ ಚೈನ್ ಸಡಿಲಗೊಂಡಿರಬಹುದು. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಹೆಚ್ಚಿನ ಎಂಜಿನ್‌ಗಳಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವುದರಿಂದ, ಒತ್ತಡ ಏರುವವರೆಗೆ ಚೈನ್ ತನ್ನ ಪ್ಲಾಸ್ಟಿಕ್ ಹಳಿಗಳಿಗೆ ಅಥವಾ ಕವರಿಗೆ ಬಡಿಯುತ್ತದೆ. ಫಿಲ್ಟರಿನೊಳಗೆ ಎಣ್ಣೆ ಹಿಂದಿರುಗದಂತೆ ತಡೆಯುವ ರಬ್ಬರ್ ಕವಾಟ ಕೆಟ್ಟಿದ್ದರೂ ಇದೇ ಬಗೆಯ ಸದ್ದು ಬರುತ್ತದೆ. ಹೀಗಾಗಿ ಮೊದಲು ಒಳ್ಳೆಯ ಫಿಲ್ಟರನ್ನು ಹಾಕಿ ನೋಡುವುದು ವಾಡಿಕೆ.

ಸದ್ದು ಮುಂದುವರಿದರೆ ಚೈನ್, ಟೆನ್ಷನರ್ ಮತ್ತು ಹಳಿಗಳನ್ನು ಒಟ್ಟಾಗಿ ಬದಲಿಸುತ್ತಾರೆ. ಚೈನ್ ಹಲ್ಲು ತಪ್ಪಿದರೆ ಕವಾಟಗಳ ಸಮಯ ಕೆಡುತ್ತದೆ. ಪಿಸ್ಟನ್ ಮತ್ತು ಕವಾಟ ಒಂದೇ ಜಾಗದಲ್ಲಿ ಸರದಿಯಂತೆ ಚಲಿಸುವ ವಿನ್ಯಾಸದ ಎಂಜಿನ್‌ಗಳಲ್ಲಿ ಅವೆರಡೂ ಡಿಕ್ಕಿ ಹೊಡೆದು ಕವಾಟಗಳು ಬಾಗುತ್ತವೆ. ಆದ್ದರಿಂದ ಈ ಸದ್ದನ್ನು ಮುಂದೂಡಬಾರದು.

ಪಿಸ್ಟನ್ ಬಡಿತ

ಪಿಸ್ಟನ್ ಮತ್ತು ಸಿಲಿಂಡರಿನ ನಡುವಿನ ಸಂದು ಹೆಚ್ಚಾದಾಗ, ಪಿಸ್ಟನ್ ದಿಕ್ಕು ಬದಲಿಸುವ ವೇಳೆ ಓಲಿ ಸಿಲಿಂಡರಿನ ಗೋಡೆಗೆ ಬಡಿಯುತ್ತದೆ. ಇದು ಮಣ್ಣಿನ ಮಡಕೆ ತಟ್ಟಿದಂತೆ ಟೊಳ್ಳಾಗಿ ಕೇಳಿಸುತ್ತದೆ. ಅಲ್ಯೂಮಿನಿಯಂ ಲೋಹವು ಬಿಸಿಗೆ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಕಬ್ಬಿಣದ ಸಿಲಿಂಡರಿನಲ್ಲಿರುವ ಅಲ್ಯೂಮಿನಿಯಂ ಪಿಸ್ಟನ್ ಬಿಸಿಯಾದಂತೆ ಸಂದು ತುಂಬಿ ಸದ್ದು ಅಡಗುತ್ತದೆ. ಕೆಲವು ನಿಮಿಷಗಳಲ್ಲಿ ನಿಲ್ಲುವ ಇಂತಹ ಸದ್ದಿನೊಂದಿಗೆ ಎಂಜಿನ್‌ಗಳು ವರ್ಷಗಟ್ಟಲೆ ಓಡುವುದುಂಟು. ಬಿಸಿಯಾದ ಮೇಲೂ ಸದ್ದು ನಿಲ್ಲದೆ, ನೀಲಿ ಹೊಗೆ ಮತ್ತು ಎಣ್ಣೆಯ ಖರ್ಚು ಜೊತೆಗೂಡಿದರೆ ಸಿಲಿಂಡರನ್ನು ರೀಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕಾಗುತ್ತದೆ.

ಬೇರಿಂಗ್ ಬಡಿತ

ಕೆಳಭಾಗದಿಂದ ಬರುವ, ಸುತ್ತಿಗೆಯಿಂದ ಹೊಡೆದಂತಹ ಭಾರವಾದ ಡಬಡಬ ಸದ್ದು ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆತವನ್ನು ಸೂಚಿಸುತ್ತದೆ. ಮೇನ್ ಬೇರಿಂಗ್‌ಗಳ ಸದ್ದು ಇದಕ್ಕಿಂತಲೂ ಮಂದ್ರವಾಗಿದ್ದು ಹೊರೆ ಬಿದ್ದಾಗ ಹೆಚ್ಚುತ್ತದೆ. ಎಣ್ಣೆ ಕಡಿಮೆಯಾಗಿ ಓಡಿಸಿದ್ದು, ಸಕಾಲದಲ್ಲಿ ಎಣ್ಣೆ ಬದಲಿಸದೆ ಉಂಟಾದ ಜಿಡ್ಡು ಪಂಪಿನ ಜಾಲರಿಯನ್ನು ಮುಚ್ಚಿದ್ದು, ಎಣ್ಣೆಯಲ್ಲಿ ನೀರು ಅಥವಾ ಇಂಧನ ಬೆರೆತದ್ದು ಇದರ ಮುಖ್ಯ ಕಾರಣಗಳು.

ಸವೆತ ಒಮ್ಮೆ ಆರಂಭವಾದರೆ ತಾನಾಗಿ ನಿಲ್ಲುವುದಿಲ್ಲ. ಸಂದು ಹಿಗ್ಗಿದಷ್ಟೂ ಎಣ್ಣೆ ಹೊರಗೆ ಹರಿದು ಒತ್ತಡ ಕುಸಿಯುತ್ತದೆ. ಒತ್ತಡ ಕುಸಿದಷ್ಟೂ ಸಂದು ಇನ್ನೂ ಹಿಗ್ಗುತ್ತದೆ. ಕೊನೆಗೆ ಬೇರಿಂಗ್ ಶೆಲ್ ತನ್ನ ಜಾಗದಲ್ಲೇ ತಿರುಗಿ ಕಚ್ಚಿಕೊಳ್ಳುತ್ತದೆ, ಅಥವಾ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ಒಡೆದು ಹೊರಬರುತ್ತದೆ.

ದುರಸ್ತಿಗಾಗಿ ಆಯಿಲ್ ಸಂಪನ್ನು ಕಳಚಿ, ರಾಡಿನ ಕ್ಯಾಪುಗಳಿಗೆ ಗುರುತು ಹಾಕಿ ಬಿಚ್ಚಿ, ಕ್ರ್ಯಾಂಕ್‌ಶಾಫ್ಟಿನ ಮೇಲ್ಮೈಯನ್ನು ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಮೇಲ್ಮೈ ನಯವಾಗಿದ್ದು ಅಳತೆ ಮಿತಿಯಲ್ಲಿದ್ದರೆ ಹೊಸ ಶೆಲ್‌ಗಳು ಸಾಕು. ಗೀರು ಬಿದ್ದಿದ್ದರೆ ಅಥವಾ ದುಂಡು ತಪ್ಪಿದ್ದರೆ, ತಯಾರಕರು ಅನುಮತಿಸಿರುವ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟನ್ನು 0.25 ಅಥವಾ 0.50 ಮಿ.ಮೀ. ಮಟ್ಟಿಗೆ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಶೆಲ್‌ಗಳನ್ನು ಹಾಕುತ್ತಾರೆ. ಹಿಗ್ಗುವ ಬಗೆಯ ಬೋಲ್ಟುಗಳನ್ನು ಮರುಬಳಕೆ ಮಾಡದೆ ಹೊಸದನ್ನೇ ಹಾಕಿ ಟಾರ್ಕ್ ರೆಂಚಿನಿಂದ ನಿಗದಿತ ಪ್ರಮಾಣಕ್ಕೆ ಬಿಗಿಯಬೇಕು. ಎಣ್ಣೆಯ ಪಂಪು, ಜಾಲರಿ ಮತ್ತು ದಾರಿಗಳನ್ನು ಸ್ವಚ್ಛಗೊಳಿಸದೆ ಶೆಲ್ ಮಾತ್ರ ಬದಲಿಸಿದರೆ ಮೂಲಕಾರಣ ಉಳಿದುಕೊಂಡು ಬಡಿತ ಮರಳುತ್ತದೆ.

ದಹನದ ನಾಕಿಂಗ್

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗಿನಿಂದ ಹೊತ್ತಿದ ಜ್ವಾಲೆ ಕ್ರಮವಾಗಿ ಹರಡಬೇಕು. ಜ್ವಾಲೆ ತಲುಪುವ ಮೊದಲೇ ದೂರದ ಮೂಲೆಯ ಮಿಶ್ರಣ ಒತ್ತಡ ಮತ್ತು ಬಿಸಿಗೆ ತಾನಾಗಿ ಹೊತ್ತಿಕೊಂಡರೆ ಒತ್ತಡದ ಅಲೆಗಳೆದ್ದು ಲೋಹ ಮೊಳಗುತ್ತದೆ. ಸಾಮಾನ್ಯ ಕಾರಿನ ಸಿಲಿಂಡರಿನ ಗಾತ್ರಕ್ಕೆ ಈ ಅಲೆಗಳ ಆವರ್ತನ ಸುಮಾರು 5ರಿಂದ 8 ಕಿಲೋಹರ್ಟ್ಸ್ ಇರುವುದರಿಂದ ಸದ್ದು ಡಬ್ಬಿಯಲ್ಲಿ ಗೋಲಿ ಕುಲುಕಿದಂತೆ ತೀಕ್ಷ್ಣವಾಗಿರುತ್ತದೆ. ಬಹಳ ಕಾಲ ಮುಂದುವರಿದರೆ ಪಿಸ್ಟನ್‌ನ ತಲೆ, ರಿಂಗುಗಳ ನಡುವಿನ ಭಾಗ ಮತ್ತು ಹೆಡ್ ಗ್ಯಾಸ್ಕೆಟ್ ಹಾಳಾಗುತ್ತವೆ.

ಅಗತ್ಯಕ್ಕಿಂತ ಕಡಿಮೆ ಆಕ್ಟೇನ್‌ನ ಇಂಧನ, ಬೇಗನೆ ಹೊತ್ತುವ ಕಿಡಿ, ಅತಿಯಾದ ಬಿಸಿ, ದಹನಕೋಷ್ಠದಲ್ಲಿ ಕೂತ ಕಾರ್ಬನ್, ಇಂಧನ ಕಡಿಮೆಯಾದ ಮಿಶ್ರಣ ಇದಕ್ಕೆ ಕಾರಣಗಳು. ಚಾಲಕನ ರೂಢಿಯೂ ಕಾರಣವಾಗುತ್ತದೆ: ಘಾಟಿ ರಸ್ತೆಯ ಏರಿನಲ್ಲಿ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿ ಎಳೆಸಿದಾಗ ನಾಕಿಂಗ್ ಹೆಚ್ಚುತ್ತದೆ, ಕೆಳಗಿನ ಗೇರಿಗೆ ಬಂದರೆ ನಿಲ್ಲುತ್ತದೆ. ಆಧುನಿಕ ಕಾರುಗಳಲ್ಲಿ ಬ್ಲಾಕಿಗೆ ಬಿಗಿದಿರುವ ಪೀಜೋವಿದ್ಯುತ್ ನಾಕ್ ಸೆನ್ಸರ್ ಈ ಕಂಪನವನ್ನು ಗುರುತಿಸುತ್ತದೆ. ಆಗ ಕಂಪ್ಯೂಟರ್ ಕಿಡಿಯನ್ನು ತಡವಾಗಿಸಿ ನಾಕಿಂಗ್ ತಡೆಯುತ್ತದೆ. ಹಾಗಿದ್ದೂ ಸದ್ದು ಕೇಳಿಬಂದರೆ ಇಂಧನ, ಸೆನ್ಸರ್, ಕೂಲಂಟ್ ಮಟ್ಟ ಮತ್ತು ಸ್ಪಾರ್ಕ್ ಪ್ಲಗ್ಗುಗಳ ದರ್ಜೆಯನ್ನು ಪರೀಕ್ಷಿಸಬೇಕು.

ಟರ್ಬೋ ಇರುವ, ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಕಡಿಮೆ ವೇಗ ಮತ್ತು ಹೆಚ್ಚಿನ ಹೊರೆಯಲ್ಲಿ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಇನ್ನೊಂದು ಸಮಸ್ಯೆಯಿದೆ. ಇದರಿಂದ ಒಂದೇ ಹೊಡೆತಕ್ಕೆ ಪಿಸ್ಟನ್ ಮುರಿಯಬಹುದು. ಎಂಜಿನ್ ಆಯಿಲ್‌ನ ರಾಸಾಯನಿಕ ಸಂಯೋಜನೆಗೂ ಇದಕ್ಕೂ ಸಂಬಂಧವಿರುವುದು ಕಂಡುಬಂದ ನಂತರ, 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್ ಮತ್ತು 2020ರಲ್ಲಿ ಎಪಿಐ ಎಸ್‌ಪಿ ಎಂಬ ಆಯಿಲ್ ದರ್ಜೆಗಳು ಜಾರಿಗೆ ಬಂದವು.

ಬೆಲ್ಟ್ ಚಾಲಿತ ಉಪಕರಣಗಳು

ಆಲ್ಟರ್ನೇಟರ್, ನೀರಿನ ಪಂಪು, ಎ.ಸಿ. ಕಂಪ್ರೆಸರ್ ಮತ್ತು ಬೆಲ್ಟ್ ಟೆನ್ಷನರಿನ ಬೇರಿಂಗ್‌ಗಳು ಸವೆದಾಗ ಎಂಜಿನ್‌ನ ಒಳಗಿನಿಂದಲೇ ಬಂದಂತೆ ಸದ್ದು ಕೇಳಿಸುತ್ತದೆ. ಎ.ಸಿ. ಹಾಕಿ ಆರಿಸಿದಾಗ ಸದ್ದು ಬದಲಾದರೆ ಕಂಪ್ರೆಸರಿನ ಮೇಲೆ ಅನುಮಾನ ಪಡಬೇಕು. ಹೊರಗಿನ ಬೆಲ್ಟನ್ನು ಕಳಚಿ ತಣ್ಣಗಿನ ಎಂಜಿನ್ ಅನ್ನು ಅರ್ಧ ನಿಮಿಷ ಓಡಿಸಿದಾಗ ಸದ್ದು ನಿಂತರೆ ದೋಷ ಈ ಉಪಕರಣಗಳಲ್ಲಿದೆ ಎಂದರ್ಥ. ನೀರಿನ ಪಂಪು ತಿರುಗದಿರುವುದರಿಂದ ಹೆಚ್ಚು ಹೊತ್ತು ಓಡಿಸಬಾರದು. ಟೈಮಿಂಗ್ ಬೆಲ್ಟನ್ನು ಈ ಪರೀಕ್ಷೆಗಾಗಿ ಎಂದೂ ಕಳಚಬಾರದು.

ಫ್ಲೈವೀಲ್ ಮತ್ತು ಕ್ಲಚ್

ಕ್ಲಚ್ ಪೆಡಲ್ ಒತ್ತಿದಾಗ ಅಥವಾ ಬಿಟ್ಟಾಗ ಸದ್ದು ಬದಲಾದರೆ ಮೂಲವು ಕ್ಲಚ್ ರಿಲೀಸ್ ಬೇರಿಂಗ್, ಗೇರ್‌ಬಾಕ್ಸ್ ಅಥವಾ ಎರಡು ತುಂಡಿನ ಫ್ಲೈವೀಲ್ ಆಗಿರಬಹುದು. ಆಟೋಮ್ಯಾಟಿಕ್ ಗೇರಿನ ಕಾರುಗಳಲ್ಲಿ ಬಿರುಕುಬಿಟ್ಟ ಫ್ಲೆಕ್ಸ್‌ಪ್ಲೇಟ್ ಬೇರಿಂಗ್ ಬಡಿತವನ್ನೇ ಹೋಲುವ ಸದ್ದು ಮಾಡುತ್ತದೆ. ಇದನ್ನು ಗುರುತಿಸದೆ ಎಂಜಿನ್ ಬಿಚ್ಚುವುದು ದುಬಾರಿ ತಪ್ಪು.

ಹೀಟ್ ಶೀಲ್ಡ್ ಮತ್ತು ಹೊಗೆ ಕೊಳವೆ

ಹೊಗೆ ಕೊಳವೆಯ ಬಿಸಿ ಇತರ ಭಾಗಗಳಿಗೆ ತಾಗದಂತೆ ಅಳವಡಿಸಿರುವ ತೆಳು ತಗಡಿಗೆ ಹೀಟ್ ಶೀಲ್ಡ್ ಎನ್ನುತ್ತಾರೆ. ತುಕ್ಕಿನಿಂದ ಇದರ ಬೋಲ್ಟು ಕಳಚಿದಾಗ ಜರಜರ ಸದ್ದು ಬರುತ್ತದೆ. ಎಂಜಿನ್ ಆರಿ ಕೊಳವೆ ಪೂರ್ತಿ ತಣಿದ ನಂತರ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಡಿಲವಾದ ತಗಡು ತಾನೇ ಸದ್ದು ಮಾಡಿ ತೋರಿಸಿಕೊಡುತ್ತದೆ. ಉಕ್ಕಿನ ಕ್ಲಿಪ್ಪು ಅಥವಾ ಅಗಲವಾದ ವಾಷರಿನಿಂದ ಬಿಗಿದರೆ ಸಾಕು; ತಗಡನ್ನು ಕಿತ್ತುಹಾಕಿದರೆ ಬೆಂಕಿಯ ಅಪಾಯವಿದೆ. ತಟ್ಟಿದಾಗ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಚೂರುಗಳು ಅಲುಗಿದಂತೆ ಕೇಳಿಸಿದರೆ ಅದರ ಪಿಂಗಾಣಿ ಜಾಲ ಒಡೆದಿದೆ ಎಂದು ತಿಳಿದು ಕನ್ವರ್ಟರನ್ನು ಬದಲಿಸಬೇಕು.

ಡೀಸೆಲ್ ಎಂಜಿನ್

ಡೀಸೆಲ್ ಎಂಜಿನ್‌ನಲ್ಲಿ ಒಂದು ಮಟ್ಟದ ಬಡಿತ ಸಹಜ. ಚಿಮ್ಮಿದ ಡೀಸೆಲ್ ಹೊತ್ತಿಕೊಳ್ಳಲು ಸ್ವಲ್ಪ ಸಮಯ ಬೇಕಾಗಿ, ಆ ಅವಧಿಯಲ್ಲಿ ಸಂಗ್ರಹವಾದ ಇಂಧನ ಒಮ್ಮೆಲೇ ಉರಿಯುವುದರಿಂದ ಈ ಸದ್ದು ಹುಟ್ಟುತ್ತದೆ. 1997ರಲ್ಲಿ ಆಲ್ಫಾ ರೋಮಿಯೋ 156ರ ಮೂಲಕ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ, ಮುಖ್ಯ ಇಂಧನಕ್ಕೆ ಮೊದಲು ಸ್ವಲ್ಪ ಇಂಧನವನ್ನು ಚಿಮ್ಮಿಸಿ ಈ ಬಡಿತವನ್ನು ತಗ್ಗಿಸುತ್ತಾರೆ. ಇಂತಹ ಎಂಜಿನ್‌ನಲ್ಲಿ ಬಡಿತ ದಿಢೀರನೆ ಹೆಚ್ಚಿದರೆ ಇಂಜೆಕ್ಟರ್ ದೋಷವನ್ನು ಮೊದಲು ಪರೀಕ್ಷಿಸಬೇಕು. ಕೆಟ್ಟ ಇಂಜೆಕ್ಟರಿನ ಬಡಿತವೂ ಬೇರಿಂಗ್ ಬಡಿತವೂ ಕಿವಿಗೆ ಒಂದೇ ತೆರನಾಗಿ ಕೇಳಿಸುವುದುಂಟು.

ಇತಿಹಾಸ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಹನದ ನಾಕಿಂಗ್ ಎಂಜಿನ್‌ಗಳ ಶಕ್ತಿಯನ್ನು ಹೆಚ್ಚಿಸಲು ದೊಡ್ಡ ಅಡ್ಡಿಯಾಗಿತ್ತು. ಬ್ರಿಟನ್ನಿನಲ್ಲಿ ಹ್ಯಾರಿ ರಿಕಾರ್ಡೊ, ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಥಾಮಸ್ ಮಿಡ್‌ಗ್ಲಿ ಇದರ ಸಂಶೋಧನೆ ನಡೆಸಿದರು. ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಎಂಬುದನ್ನು 1921ರ ಡಿಸೆಂಬರಿನಲ್ಲಿ ಮಿಡ್‌ಗ್ಲಿ ಕಂಡುಕೊಂಡರು. 1926ರಲ್ಲಿ ಗ್ರಹಾಂ ಎಡ್ಗರ್ ಇಂಧನದ ನಾಕ್ ನಿರೋಧಕ ಗುಣವನ್ನು ಅಳೆಯುವ ಆಕ್ಟೇನ್ ಮಾನವನ್ನು ಸೂಚಿಸಿದರು.

ಹೊಗೆಯ ಮೂಲಕ ಗಾಳಿಗೆ ಸೇರಿದ ಸೀಸ, ವಿಶೇಷವಾಗಿ ಮಕ್ಕಳ ಮಿದುಳಿಗೆ ವಿಷಕಾರಿಯಾಗಿತ್ತು. ಕ್ಯಾಟಲಿಟಿಕ್ ಕನ್ವರ್ಟರನ್ನೂ ಅದು ಕೆಡಿಸುತ್ತಿತ್ತು. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗತೊಡಗಿತು. ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯ 2021ರಲ್ಲಿ ಅದನ್ನು ನಿಲ್ಲಿಸಿತು. ಇಂದು ಆಕ್ಟೇನ್ ಹೆಚ್ಚಿಸುವ ವಸ್ತುಗಳಲ್ಲಿ ಎಥನಾಲ್ ಪ್ರಮುಖವಾದುದು. ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಚಾಲನೆ ದೊರೆಯಿತು.

ದೋಷವಲ್ಲದ ಸದ್ದುಗಳು

ಎಂಜಿನ್‌ನಿಂದ ಬರುವ ಎಲ್ಲ ಟಿಕ್‌ಟಿಕ್ ಸದ್ದೂ ದೋಷವಲ್ಲ. ಇಂಜೆಕ್ಟರುಗಳು ತೆರೆದು ಮುಚ್ಚುವಾಗ, ಪೆಟ್ರೋಲನ್ನು ನೇರವಾಗಿ ಚಿಮ್ಮಿಸುವ ಎಂಜಿನ್‌ಗಳ ಅಧಿಕ ಒತ್ತಡದ ಪಂಪು ಕೆಲಸ ಮಾಡುವಾಗ, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ವಿದ್ಯುತ್ ಕವಾಟ ಬಡಿಯುವಾಗ ಇಂತಹ ಸದ್ದು ಬರುತ್ತದೆ. ಎಂಜಿನ್ ಆರಿಸಿದ ಮೇಲೆ ಹೊಗೆ ಕೊಳವೆ ತಣಿದು ಕುಗ್ಗುವಾಗ ಕೇಳಿಸುವ ಸದ್ದೂ ಸಹಜ. ಕಾರು ಹೊಸದಾಗಿದ್ದಾಗಿನಿಂದ ಒಂದೇ ಪ್ರಮಾಣದಲ್ಲಿರುವ ಸದ್ದಿಗಿಂತ, ಹೊಸದಾಗಿ ಹುಟ್ಟಿದ ಅಥವಾ ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ಸದ್ದು ಗಮನಾರ್ಹ.

ತಡೆಗಟ್ಟುವಿಕೆ

- ಎಂಜಿನ್ ಆಯಿಲ್ ಮತ್ತು ಫಿಲ್ಟರನ್ನು ಕೈಪಿಡಿಯಲ್ಲಿ ಸೂಚಿಸಿದ ದೂರ ಅಥವಾ ಅವಧಿ, ಇವೆರಡರಲ್ಲಿ ಮೊದಲು ಬರುವುದಕ್ಕೆ ಸರಿಯಾಗಿ ಬದಲಿಸಬೇಕು. ಕಡಿಮೆ ಓಡಿದ ಕಾರಿನಲ್ಲೂ ಆಯಿಲ್ ಹಳೆಯದಾಗುತ್ತದೆ.
- 0ಡಬ್ಲ್ಯೂ-20, 5ಡಬ್ಲ್ಯೂ-30 ಮುಂತಾಗಿ ಸೂಚಿಸಿದ ದರ್ಜೆಯನ್ನೇ ಬಳಸಬೇಕು. ಸದ್ದು ಅಡಗಿಸಲು ಗಟ್ಟಿಯಾದ ಆಯಿಲ್ ಅಥವಾ ಸಂಕಲನದ್ರವ್ಯಗಳನ್ನು ಹಾಕಿದರೆ ಲಕ್ಷಣ ಮರೆಯಾಗುತ್ತದೆ, ಸವೆತ ಮುಂದುವರಿಯುತ್ತದೆ. ಹಳೆಯ ಕಾರು ಕೊಳ್ಳುವವರು ಬಿಸಿಯಾದ ಎಂಜಿನ್ ಮಾತ್ರವಲ್ಲದೆ, ತಣ್ಣಗಿನ ಎಂಜಿನ್ ಅನ್ನೂ ಚಾಲೂ ಮಾಡಿಸಿ ಆಲಿಸುವುದು ಇದೇ ಕಾರಣಕ್ಕೆ ಒಳ್ಳೆಯದು.
- ಆಯಿಲ್ ಮಟ್ಟವನ್ನು ನಿಯಮಿತವಾಗಿ, ದೂರದ ಪ್ರಯಾಣಕ್ಕೆ ಮೊದಲು ತಪ್ಪದೆ ನೋಡಬೇಕು.
- ತಣ್ಣಗಿನ ಎಂಜಿನ್ ಚಾಲೂ ಮಾಡಿದೊಡನೆ ರೇಸ್ ಮಾಡಬಾರದು. ಬಿಸಿಯಾಗುವವರೆಗೆ ಸಾವಧಾನವಾಗಿ ಓಡಿಸಬೇಕು.
- ರಸ್ತೆ ಉಬ್ಬು ಅಥವಾ ಕಲ್ಲಿಗೆ ಕಾರಿನ ಅಡಿ ತಾಗಿದ್ದರೆ ಆಯಿಲ್ ಸಂಪ್ ನಗ್ಗಿದೆಯೇ, ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು. ಒಳಕ್ಕೆ ನಗ್ಗಿದ ಸಂಪ್ ಎಣ್ಣೆ ಹೀರುವ ಕೊಳವೆಯ ಬಾಯನ್ನು ಮುಚ್ಚಿ ಒತ್ತಡವನ್ನು ಕುಂದಿಸಬಲ್ಲದು.
- ಕೈಪಿಡಿಯಲ್ಲಿ ಸೂಚಿಸಿದ ಆಕ್ಟೇನ್‌ನ ಇಂಧನವನ್ನೇ ಬಳಸಬೇಕು. ಅಗತ್ಯಕ್ಕಿಂತ ಹೆಚ್ಚಿನ ಆಕ್ಟೇನ್‌ನ ಪೆಟ್ರೋಲ್ ಯಾಂತ್ರಿಕ ಸಡಿಲದ ಸದ್ದನ್ನು ನಿವಾರಿಸುವುದಿಲ್ಲ.

ಇವನ್ನೂ ನೋಡಿ

- ಅಂತರ್ದಹನ ಎಂಜಿನ್
- ಕ್ರ್ಯಾಂಕ್‌ಶಾಫ್ಟ್
- ಆಕ್ಟೇನ್ ಸಂಖ್ಯೆ
- ಕೀಲೆಣ್ಣೆ